ಸ್ಪ್ಯಾನಿಷ್ ಭೂತಕಾಲಕ್ಕೆ ಕನ್ನಡದ ದಾರಿ

ಇಂಗ್ಲಿಷಿನ ಹೊಸ್ತಿಲನ್ನು ದಾಟದೆ ಯುರೋಪಿನ ಬೇರೊಂದು ಭಾಷೆಯನ್ನು ಹೊಗಲಾಗದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಪ್ಯಾನಿಷ್ ಕ್ರಿಯಾಪದಗಳ ವಿಷಯದಲ್ಲಾದರೂ ಅದು ಸುತ್ತುದಾರಿಯೆಂದೇ ನನ್ನ ಎಣಿಕೆ. ಇಂಗ್ಲಿಷಿನಲ್ಲಿ ಕರ್ತೃಪದವನ್ನು ಬಿಟ್ಟರೆ ಮಾತಾಡಿದವರು ಯಾರೆಂಬುದೇ ತಿಳಿಯದು. ನಮ್ಮ 'ಮಾತಾಡಿದೆನು', 'ಮಾತಾಡಿದೆವು' ಎಂಬ ರೂಪಗಳಿಗೆ ಆ ಕೊರತೆಯಿಲ್ಲ, ಸ್ಪ್ಯಾನಿಷಿಗೂ ಇಲ್ಲ. ಆ ಭಾಷೆಗೆ ನೆಬ್ರಿಹಾ ಎಂಬ ಪಂಡಿತನು ವ್ಯಾಕರಣವನ್ನು ಪ್ರಕಟಿಸಿದ್ದು 1492ರಲ್ಲಿ. ನಮ್ಮ ಕೇಶಿರಾಜನು ಅದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ 'ಶಬ್ದಮಣಿದರ್ಪಣ'ವನ್ನು ರಚಿಸಿದ್ದನು. ಪುರುಷ, ವಚನ, ಪ್ರತ್ಯಯಗಳ ಲೆಕ್ಕ ನಮಗೇನೂ ಹೊಸತಲ್ಲ.

ಸ್ಪ್ಯಾನಿಷ್ ಕ್ರಿಯಾಪದದ ಮೂಲರೂಪವು 'ಆರ್', 'ಏರ್', 'ಈರ್' ಇವುಗಳಲ್ಲೊಂದರಿಂದ ಕೊನೆಗೊಳ್ಳುತ್ತದೆ: ಅಬ್ಲಾರ್ (ಮಾತಾಡು), ಕೊಮೇರ್ (ತಿನ್ನು), ಬಿಬೀರ್ (ಬದುಕು). ಈ ಕೊನೆಯನ್ನು ಕಳೆದರೆ ಧಾತು ಉಳಿಯುತ್ತದೆ. ಒತ್ತಿ ನುಡಿಯುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇನೆ.

ಮುಗಿದ ಕೆಲಸವನ್ನು ಹೇಳುವಾಗ ಮೊದಲನೆಯದು ಹೀಗೆ ನಡೆಯುತ್ತದೆ: ಅಬ್ಲೇ (ನಾನು ಮಾತಾಡಿದೆನು), ಅಬ್ಲಾಸ್ತೆ (ನೀನು ಮಾತಾಡಿದೆ), ಅಬ್ಲೋ (ಅವನು ಮಾತಾಡಿದನು), ಅಬ್ಲಾಮೊಸ್ (ನಾವು ಮಾತಾಡಿದೆವು), ಅಬ್ಲಾಸ್ತೆಯಿಸ್ (ನೀವು ಮಾತಾಡಿದಿರಿ), ಅಬ್ಲಾರೊನ್ (ಅವರು ಮಾತಾಡಿದರು). ಎರಡನೆಯದು: ಕೊಮೀ, ಕೊಮೀಸ್ತೆ, ಕೊಮ್ಯೋ, ಕೊಮೀಮೊಸ್, ಕೊಮೀಸ್ತೆಯಿಸ್, ಕೊಮ್ಯೇರೊನ್. ಬಿಬೀರ್ ಎಂಬುದೂ ಇದೇ ಜಾಡಿನದು. ಆದ್ದರಿಂದ ಬಾಯಿಪಾಠಕ್ಕೆ ಎರಡೇ ಪಟ್ಟಿ. 'ನೀವು' ಎಂಬ ಐದನೆಯ ರೂಪ ಸ್ಪೇನಿನಲ್ಲಿ ಬಳಕೆಯಲ್ಲಿದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಕೆಲಸವನ್ನು ಆರನೆಯದೇ ಮಾಡುತ್ತದೆ.

ಕನ್ನಡಕ್ಕೂ ಇದಕ್ಕೂ ಭೇದವಿಲ್ಲದಿಲ್ಲ. 'ಮಾತಾಡಿದೆನು' ಎಂಬಲ್ಲಿ 'ದ' ಕಾಲವನ್ನೂ 'ಎನು' ಪುರುಷವನ್ನೂ ಸೂಚಿಸುತ್ತವೆ. ಸ್ಪ್ಯಾನಿಷಿನಲ್ಲಿ 'ಏ' ಒಂದೇ ಎರಡನ್ನೂ ಹೊರುತ್ತದೆ. ಲಿಂಗಭೇದವೂ ಅಲ್ಲಿಲ್ಲ: ಅವನಿಗೂ ಅವಳಿಗೂ 'ಅಬ್ಲೋ'. ಒತ್ತು ತಪ್ಪಿದರಂತೂ ಅರ್ಥವೇ ಕೆಡುತ್ತದೆ. 'ಆಬ್ಲೊ' ಎಂದರೆ ನಾನು ಮಾತಾಡುತ್ತೇನೆ, 'ಅಬ್ಲೋ' ಎಂದರೆ ಅವನು ಮಾತಾಡಿದನು. ಅಬ್ಲಾಮೊಸ್ ಎಂಬುದು ವರ್ತಮಾನಕ್ಕೂ ಭೂತಕ್ಕೂ ಒಂದೇ, ಸಂದರ್ಭದಿಂದಲೇ ತಿಳಿಯಬೇಕು. ಕೊಮೇರ್‌ನಲ್ಲಿ ಈ ತೊಡಕಿಲ್ಲ: 'ಕೊಮೇಮೊಸ್' ತಿನ್ನುತ್ತೇವೆ, 'ಕೊಮೀಮೊಸ್' ತಿಂದೆವು.

ಇಂಗ್ಲಿಷ್ ಮೂಲಕ ಕಲಿಯುವವರು ಹೆಚ್ಚು ತಡವರಿಸುವುದು ಇನ್ನೊಂದು ಭೂತಕಾಲದಲ್ಲಿ. 'ಅಬ್ಲೇ' ಮುಗಿದ ಮಾತು. 'ಅಬ್ಲಾಬ' ನಡೆಯುತ್ತಿದ್ದ ಮಾತು ಅಥವಾ ವಾಡಿಕೆಯ ಮಾತು. ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ಕನ್ನಡಿಗನಿಗೆ ಒಂದೇ ಸಾಲು ಸಾಕು: 'ಮಾತಾಡಿದೆನು' ಎನ್ನುವಲ್ಲಿ ಅಬ್ಲೇ, 'ಮಾತಾಡುತ್ತಿದ್ದೆನು' ಎನ್ನುವಲ್ಲಿ ಅಬ್ಲಾಬ. 'ಅವನು ಬಂದಾಗ ಊಟ ಮಾಡುತ್ತಿದ್ದೆನು', 'ಚಿಕ್ಕಂದಿನಲ್ಲಿ ದಿನವೂ ರಾಗಿಮುದ್ದೆ ತಿನ್ನುತ್ತಿದ್ದೆನು' ಎಂಬ ಎರಡೂ ಅರ್ಥಗಳು ನಮ್ಮ '-ಉತ್ತಿದ್ದ' ಎಂಬ ಒಂದೇ ರೂಪದಲ್ಲಿ ಅಡಗಿವೆ. ಸ್ಪ್ಯಾನಿಷಿನಲ್ಲಿಯೂ ಎರಡಕ್ಕೂ 'ಕೊಮೀಯ' ಒಂದೇ. ಎಲ್ಲ ವಾಕ್ಯಗಳಿಗೂ ಈ ಸೂತ್ರ ಹೊಂದದೆ ಇರಬಹುದು. ಆರಂಭಕ್ಕೆ ಇದಕ್ಕಿಂತ ಗಟ್ಟಿಯಾದ ಊರುಗೋಲು ಇಂಗ್ಲಿಷಿನಲ್ಲಿ ನನಗೆ ದೊರಕಿಲ್ಲ.

ಕಾಂತಾರ್ (ಹಾಡು), ಬೆಬೇರ್ (ಕುಡಿ), ಎಸ್ಕ್ರಿಬೀರ್ (ಬರೆ) ಇವೂ ಮೇಲಿನ ಕ್ರಮದವೇ. ಆಸಕ್ತರಾದ ಗೆಳೆಯರು ಇವನ್ನು ತಾವೇ ನಡೆಸಿ ನೋಡಬಹುದು. 'ಬರೆದೆನು' ಎಂಬುದಕ್ಕೆ 'ಎಸ್ಕ್ರಿಬೀ' ಬಂದರೆ ಲೆಕ್ಕ ಸರಿ.