ಸರ್ವರ್ ಬದಲಾದಾಗ ತೆರೆದ ಫೈಲಿನ ಗತಿ

ಮುಖ್ಯ ಫೈಲ್ ಸರ್ವರ್ ನಿಂತಾಗ ಜೋಡಿ ಸರ್ವರ್ ಅದರ ಕೆಲಸ ವಹಿಸಿಕೊಳ್ಳುವುದೇ ಫೇಲ್‌ಓವರ್. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿದ್ದವು. ಸರ್ವರ್ ನಿಂತರೆ ಕಿಟಕಿ ಮುಂದಿನ ಪಾಳಿಯೂ ನಿಲ್ಲಬೇಕಿತ್ತು. ಪಹಣಿ ಈಗ ಕೇಂದ್ರೀಕೃತ ಸರ್ವರಿಗೆ ಹೋಗಿದೆ. ಆದರೆ ಸ್ವಂತ ಫೈಲ್ ಸರ್ವರ್ ಇಟ್ಟುಕೊಂಡ ಸಂಘ, ಕಾಲೇಜುಗಳಿಗೆ ಈ ತೊಡಕು ತಪ್ಪಿಲ್ಲ.

ಜೋಡಿ ಸರ್ವರನ್ನು ಎಬ್ಬಿಸುವುದು ಸುಲಭ. ಕಷ್ಟವಿರುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ಹಳೆಯ ಸಂಪರ್ಕ ಸತ್ತದ್ದು ಅದಕ್ಕೆ ಗೊತ್ತಿರುವುದಿಲ್ಲ. ಕಳಿಸಿದ್ದನ್ನೇ ಮತ್ತೆ ಕಳಿಸುತ್ತ, ಕಾಯುವ ಹೊತ್ತನ್ನು ಇಮ್ಮಡಿಸುತ್ತ ಹೋಗುತ್ತದೆ. ಸೆಟ್ಟಿಂಗ್ ಬದಲಿಸದ ಲಿನಕ್ಸ್ ಕೈಚೆಲ್ಲುವ ಹೊತ್ತಿಗೆ 15 ನಿಮಿಷ ಕಳೆದಿರುತ್ತದೆ.

ಮೊದಲ ಹೆಜ್ಜೆ ವಿಳಾಸದ್ದು. ಕಂಪ್ಯೂಟರುಗಳಿಗೆ ಸರ್ವರಿನ ಸ್ವಂತ ಐಪಿ ಕೊಡದೆ, ಎರಡರ ನಡುವೆ ಓಡಾಡಬಲ್ಲ ವರ್ಚುವಲ್ ಐಪಿ ಕೊಡಬೇಕು. ಎರಡನೆಯದು, ಹಳೆಯ ಸರ್ವರ್ ನಿಜಕ್ಕೂ ಆಫ್ ಆಗಿದೆಯೆಂಬ ಖಾತರಿ. ಎರಡೂ ಸರ್ವರುಗಳು ಒಂದೇ ಡಿಸ್ಕಿಗೆ ಬರೆಯತೊಡಗಿದರೆ ಫೈಲು ಉಳಿಯುವುದಿಲ್ಲ. ಆಮೇಲೆ ಹೊಸ ಸರ್ವರಿನಲ್ಲಿ ಡಿಸ್ಕ್ ಮೌಂಟ್, ಶೇರ್ ಸೇವೆ, ಕಟ್ಟಕಡೆಗೆ ಐಪಿ, ಇದೇ ಕ್ರಮದಲ್ಲಿ. ಐಪಿ ಬಂದೊಡನೆ ಸರ್ವರ್ ಎಆರ್‌ಪಿ ಸಂದೇಶ ಸಾರಿ, ಈ ವಿಳಾಸ ಇನ್ನು ತನ್ನದೆಂದು ನೆಟ್‌ವರ್ಕಿಗೆ ತಿಳಿಸಬೇಕು.

ಶೇರ್ ಸೇವೆ ಕೊಡುವ ಸಾಂಬಾ ತಂತ್ರಾಂಶದ ಕ್ಲಸ್ಟರ್ ಭಾಗವಾದ ಸಿಟಿಡಿಬಿ ಇಲ್ಲೊಂದು ಜಾಣತನ ಮಾಡುತ್ತದೆ. ಹಳೆಯ ಸಂಪರ್ಕಗಳ ಪಟ್ಟಿ ಹಿಡಿದು, ಬೇಕೆಂದೇ ತಪ್ಪು ಸಂಖ್ಯೆಯ ಪ್ಯಾಕೆಟ್ಟೊಂದನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರು ಸರಿಯಾದ ಸಂಖ್ಯೆ ಹೇಳಿ ಉತ್ತರಿಸುತ್ತದೆ. ಅಂಥ ಸಂಪರ್ಕವೇ ಇಲ್ಲವೆಂದು ಹೊಸ ಸರ್ವರ್ ರೀಸೆಟ್ ಕಳಿಸಿದ ಕೂಡಲೇ ಕಂಪ್ಯೂಟರು ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಕಚಗುಳಿ ಇಟ್ಟು ಎಬ್ಬಿಸಿದಂತೆ. ಆ ಪ್ಯಾಕೆಟ್ಟಿನ ಇಂಗ್ಲಿಷ್ ಹೆಸರಿನ ಅರ್ಥವೂ ಅದೇ.

ಫೈಲು ಹಂಚಲು ಎನ್‌ಎಫ್‌ಎಸ್ ಬಳಸುವಲ್ಲಿ ಎರಡೂ ಸರ್ವರಿನ ಎಕ್ಸ್‌ಪೋರ್ಟ್‌ನಲ್ಲಿ ಒಂದೇ ಎಫ್‌ಎಸ್‌ಐಡಿ (ಫೈಲ್ ವ್ಯವಸ್ಥೆಯ ಗುರುತು) ಇರಬೇಕು, ಇಲ್ಲವಾದರೆ ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ ದೋಷ ಬರುತ್ತದೆ. ಮೌಂಟ್ ಹಾರ್ಡ್ ಆಗಿರಲಿ. ಸಾಫ್ಟ್ ಮೌಂಟ್ ಸರ್ವರ್ ಬರುವವರೆಗೆ ಕಾಯದೆ ದೋಷ ಹೇಳಿಬಿಡುತ್ತದೆ, ಫೈಲು ಅರ್ಧ ಬರೆದಲ್ಲೇ ಉಳಿಯುತ್ತದೆ. ನಾಲ್ಕನೇ ಆವೃತ್ತಿಯಲ್ಲಿ ಹಳೆಯ ಲಾಕ್ ಮರಳಿ ಪಡೆಯಲು ಸಾಮಾನ್ಯವಾಗಿ 90 ಸೆಕೆಂಡು ಗಡುವಿದ್ದು, ಅಲ್ಲಿಯವರೆಗೆ ಹೊಸ ಲಾಕ್ ಸಿಗದು. ‘ಹ್ಯಾಂಗ್ ಆಗೇತಿ’ ಎಂದು ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು ಈ ಒಂದೂವರೆ ನಿಮಿಷದಲ್ಲೇ. ಸಿಬ್ಬಂದಿಗೆ ಮೊದಲೇ ಹೇಳಿಟ್ಟಿರಬೇಕು.

ವಿಂಡೋಸ್ ಕ್ಲಸ್ಟರಿನಲ್ಲಿ 2012ರ ಸರ್ವರ್ ಆವೃತ್ತಿಯ ಜತೆ ಬಂದ ಎಸ್‌ಎಂಬಿ 3 ಇದನ್ನೆಲ್ಲ ತಾನೇ ನಿಭಾಯಿಸಬಲ್ಲದು. ಶೇರ್‌ಗೆ ನಿರಂತರ ಲಭ್ಯತೆಯ ಆಯ್ಕೆ ಕೊಟ್ಟಿರಬೇಕು, ಎದುರಿನ ಕಂಪ್ಯೂಟರು ವಿಂಡೋಸ್ 8 ಅಥವಾ ಈಚಿನದಿರಬೇಕು. ವಿಂಡೋಸ್ 7ರವರು ಫೈಲನ್ನು ಮತ್ತೆ ತೆರೆಯುವುದೊಂದೇ ದಾರಿ.

ಪರೀಕ್ಷೆಗೆ ಕೆಲಸ ಮುಗಿದ ಸಂಜೆ ಒಳ್ಳೆಯದು. ಒಂದು ದೊಡ್ಡ ಫೈಲನ್ನು ಸರ್ವರಿಗೆ ಕಾಪಿ ಹಚ್ಚಿ, ನಡುವೆ ಮುಖ್ಯ ಸರ್ವರಿನ ಪ್ಲಗ್ ಕೀಳಬೇಕು. ಇನ್ನೊಂದು ಸಲ ನೆಟ್‌ವರ್ಕ್ ಕೇಬಲ್ ಮಾತ್ರ. ಆಗ ಹಳೆಯ ಸರ್ವರ್ ಜೀವಂತವೇ ಇರುವುದರಿಂದ ಎರಡನೆಯ ಹೆಜ್ಜೆಯ ಹುಳುಕು ಹೊರಬೀಳುತ್ತದೆ. ಕಾಪಿ ಮುಗಿದ ಮೇಲೆ ಎರಡೂ ಫೈಲುಗಳ ಚೆಕ್‌ಸಮ್ ತಾಳೆ ನೋಡಬೇಕು.