ಕ್ಯಾನ್ಸರ್ ಚಿಕಿತ್ಸೆಯ ನಿರ್ಧಾರದಲ್ಲಿ ರೋಗಿಯ ಪಾತ್ರ

ಕ್ಯಾನ್ಸರ್ ತಗುಲಿದೆಯೆಂದು ತಿಳಿದೊಡನೆ ರೋಗಿಯೂ ಮನೆಯವರೂ ಕಂಗೆಡುವುದು ಸಹಜ. ಅಂಥ ಸಮಯದಲ್ಲಿ ವೈದ್ಯರ ಮಾತು ಕಿವಿಗೆ ಬಿದ್ದರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. "ತಮಗೆ ಸರಿತೋರಿದಂತೆ ಮಾಡಿ" ಎಂದು ಕೈಮುಗಿದು ಬರುವವರು ಅನೇಕರು. ವೈದ್ಯರಲ್ಲಿ ವಿಶ್ವಾಸವಿರಬೇಕಾದುದೇ. ಆದರೆ ಕೆಲವು ನಿರ್ಧಾರಗಳನ್ನು ರೋಗಿಯ ಅಭಿಪ್ರಾಯವನ್ನು ಅರಿಯದೆ ವೈದ್ಯರೊಬ್ಬರೇ ಕೈಗೊಳ್ಳಲಾಗದು.

ಸ್ತನ ಕ್ಯಾನ್ಸರಿನ ಉದಾಹರಣೆಯನ್ನು ನೋಡೋಣ. ರೋಗವು ಆರಂಭದ ಹಂತದಲ್ಲಿದ್ದರೆ ಅನೇಕರಿಗೆ ಎರಡು ಮಾರ್ಗಗಳಿರುತ್ತವೆ: ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಪಡೆಯುವುದು, ಇಲ್ಲವೇ ಸ್ತನವನ್ನು ಪೂರ್ಣವಾಗಿ ತೆಗೆಸುವುದು. ಉತ್ತರ ಅಮೆರಿಕ ಮತ್ತು ಇಟಲಿಗಳಲ್ಲಿ ರೋಗಿಗಳನ್ನು ಸುಮಾರು 20 ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಬದುಕುಳಿಯುವ ಸಾಧ್ಯತೆ ಎರಡರಲ್ಲಿಯೂ ಸಮಾನವೆಂದು ತೋರಿಸಿವೆ. ಮೊದಲನೆಯದರಲ್ಲಿ ಸ್ತನವು ಉಳಿಯುತ್ತದೆ. ಆದರೆ ಕೆಲವು ವಾರಗಳ ಕಾಲ ಆಸ್ಪತ್ರೆಗೆ ಹೋಗಿಬರಬೇಕು, ಅದೇ ಸ್ತನದಲ್ಲಿ ರೋಗ ಮರುಕಳಿಸುವ ಸಂಭವವೂ ತುಸು ಹೆಚ್ಚು. ಎರಡನೆಯದನ್ನು ಆರಿಸಿದ ಕೆಲವರಿಗೂ ವಿಕಿರಣ ಚಿಕಿತ್ಸೆ ಬೇಕಾಗಬಹುದು. ಇವುಗಳಲ್ಲಿ ಯಾವುದು ತನಗೆ ಮುಖ್ಯವೆಂಬುದನ್ನು ರೋಗಿಯೇ ಹೇಳಬೇಕು.

ವೈದ್ಯರನ್ನು ಕಾಣುವ ಮುನ್ನ ಈ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ:

1. ರೋಗವು ಯಾವ ಹಂತದಲ್ಲಿದೆ? ಬೇರೆ ಅಂಗಗಳಿಗೆ ಹರಡಿದೆಯೇ?
2. ಈ ಚಿಕಿತ್ಸೆಯ ಉದ್ದೇಶವೇನು: ಗುಣಪಡಿಸುವುದೇ, ರೋಗವನ್ನು ಹತೋಟಿಯಲ್ಲಿಡುವುದೇ, ನೋವನ್ನು ಶಮನಗೊಳಿಸುವುದೇ?
3. ಬೇರೆ ಮಾರ್ಗಗಳಿವೆಯೇ? ಚಿಕಿತ್ಸೆ ಪಡೆಯದಿದ್ದರೆ ಏನಾಗಬಹುದು?
4. ಅಡ್ಡಪರಿಣಾಮಗಳಾವುವು? ಮುಂದೆ ಮಕ್ಕಳಾಗಲು ತೊಂದರೆಯಾಗುವುದೇ?
5. ಎಷ್ಟು ಕಾಲ ಹಿಡಿಯುತ್ತದೆ, ವೆಚ್ಚವೆಷ್ಟು, ಸರ್ಕಾರಿ ನೆರವು ದೊರೆಯುವುದೇ?
6. ಆಲೋಚಿಸಲು ಎಷ್ಟು ದಿನಗಳ ಅವಕಾಶವಿದೆ?

ಉತ್ತರವನ್ನು ಕೇಳಿದ ಬಳಿಕ, ತಾವು ಗ್ರಹಿಸಿದುದನ್ನು ತಮ್ಮ ಮಾತಿನಲ್ಲಿ ವೈದ್ಯರ ಮುಂದೆ ಹೇಳಿ, ಸರಿಯೇ ಎಂದು ಕೇಳಿರಿ. ತೆಗೆದುಕೊಳ್ಳುತ್ತಿರುವ ನಾಟಿ ಔಷಧಿಯನ್ನಾಗಲಿ, ಹಣದ ಅಡಚಣೆಯನ್ನಾಗಲಿ ಮರೆಮಾಚಬೇಡಿ. ಕೆಲವು ಔಷಧಿಗಳು ಕೀಮೋಥೆರಪಿಯೊಡನೆ ಹೊಂದುವುದಿಲ್ಲ. ಹಣ ಸಾಲದೆ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು ಅಪಾಯಕರ.

ಹೊರನಾಡ ಕನ್ನಡಿಗರಿಗೆ ಭಾಷೆಯ ತೊಡಕೂ ಉಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಾಗಲಿ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಲ್ಲಾಗಲಿ ವೈದ್ಯರಿಗೆ ಕನ್ನಡ ಬರದೇ ಇರಬಹುದು. ಆಗ ಮಗನೋ ಸೊಸೆಯೋ ನಡುವೆ ನಿಂತು ಮಾತನ್ನು ತಿಳಿಸುತ್ತಾರೆ. ತಾಯಿ ಹೆದರಿಯಾರೆಂಬ ಪ್ರೀತಿಯಿಂದ "ಸಣ್ಣ ಗಂಟು, ಅಷ್ಟೇ" ಎಂದುಬಿಡುವುದುಂಟು. ಆದರೆ ತನಗೇನಾಗಿದೆಯೆಂದು ತಿಳಿಯದವರು ಚಿಕಿತ್ಸೆಗೆ ನಿಜವಾದ ಒಪ್ಪಿಗೆ ನೀಡಲಾರರು. ಗುಟ್ಟಾಗಿಟ್ಟ ಸಂಗತಿ ಆಸ್ಪತ್ರೆಯ ಓಡಾಟದಲ್ಲಿ ಹೇಗೂ ಬಯಲಾಗುವುದು. ಎಷ್ಟು ವಿವರ ಬೇಕೆಂದು ರೋಗಿಯನ್ನೇ ಮೊದಲು ಕೇಳಿರಿ. "ಎಲ್ಲವನ್ನೂ ಮಗನಿಗೆ ಹೇಳಿ" ಎಂದು ಅವರೇ ತಿಳಿಸಿದರೆ, ಅದೂ ಅವರ ನಿರ್ಧಾರವೇ. ಅನುವಾದಿಸುವವರು ವೈದ್ಯರ ಮಾತಿಗೆ ಕೂಡಿಸದೆ, ಕಳೆಯದೆ ಹೇಳತಕ್ಕದ್ದು.

ಕಾನೂನೂ ರೋಗಿಯ ಪರವಾಗಿದೆ. ತುರ್ತು ಪ್ರಸಂಗವಲ್ಲದಿದ್ದಾಗ, ಸ್ವತಃ ನಿರ್ಧರಿಸಬಲ್ಲ ವಯಸ್ಕ ರೋಗಿಯ ಪರವಾಗಿ ತಾಯಿಯೂ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2008ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ನಿಯಮಗಳಂತೆ, ರೋಗಿ ಕೋರಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕು. ಅವುಗಳೊಡನೆ ಮತ್ತೊಬ್ಬ ತಜ್ಞರ ಸಲಹೆ ಪಡೆಯಬಹುದು. ಇದರಿಂದ ಮೊದಲ ವೈದ್ಯರಿಗೆ ಅಗೌರವವೇನೂ ಆಗದು. ಆದರೆ ಇದಕ್ಕಾಗಿ ಚಿಕಿತ್ಸೆಯನ್ನು ಅನಗತ್ಯವಾಗಿ ಮುಂದೂಡಬಾರದು.

ಒಪ್ಪಿಗೆ ಪತ್ರವನ್ನು ತಿಳಿದ ಭಾಷೆಯಲ್ಲಿ ಓದಿಸಿ ಕೇಳಿ, ಸಂದೇಹ ತೀರಿದ ಮೇಲೆಯೇ ರುಜು ಹಾಕಿರಿ.