ವ್ಯಸನದ ಕುರುಹು

ಶರಣರು ಅರಿವನ್ನೇ ಗುರುವೆಂದು ಭಾವಿಸಿದರು. ತನ್ನೊಳಗಿನ ರೋಗವನ್ನರಿಯದವನಿಗೆ ಔಷಧದ ಅಪೇಕ್ಷೆಯೇ ಹುಟ್ಟದು. ಮದ್ಯವ್ಯಸನದಲ್ಲಿ ಈ ಮಾತು ವಿಶೇಷವಾಗಿ ಸತ್ಯವು. ನೆರೆಹೊರೆಯವರೆಲ್ಲ ಕಂಡ ಬಳಿಕ, ವ್ಯಸನಿಯು ಅದನ್ನು ಕಟ್ಟಕಡೆಗೆ ಕಾಣುತ್ತಾನೆ.

12ನೆಯ ಶತಮಾನದ ಹೆಂಡದ ಮಾರಯ್ಯನು ಹೆಂಡ ಮಾರುತ್ತಿದ್ದವನು. ಆತನು ತನ್ನ ವೃತ್ತಿಯ ಮಾತುಗಳಲ್ಲಿಯೇ ತತ್ತ್ವವನ್ನು ನುಡಿದು ವಚನಕಾರನಾದನು. ಅಂತಹವನನ್ನೂ ಶರಣಸಂಕುಲವು ತನ್ನವನೆಂದು ಅಪ್ಪಿಕೊಂಡಿತು. ಆದುದರಿಂದ ಈ ವಿಚಾರದಲ್ಲಿ ತಿರಸ್ಕಾರಕ್ಕೆ ಎಡೆಯಿಲ್ಲ. ಪರೀಕ್ಷೆಗೆ ಮಾತ್ರ ಎಡೆಯುಂಟು.

ಹಾಗಾದರೆ ವ್ಯಸನದ ಕುರುಹುಗಳಾವುವು? ವಿಶ್ವ ಆರೋಗ್ಯ ಸಂಸ್ಥೆಯು 1992ರಲ್ಲಿ ಪ್ರಕಟಿಸಿದ ರೋಗವರ್ಗೀಕರಣದಲ್ಲಿ ಆರು ಲಕ್ಷಣಗಳನ್ನು ಹೇಳಿದೆ. ಕುಡಿಯಲೇಬೇಕೆಂಬ ತೀವ್ರ ಹಂಬಲವು ಒಂದು. ತೊಡಗಿದ ಮೇಲೆ ಮಿತಿಯಲ್ಲಿ ನಿಲ್ಲಿಸಲಾರದಿರುವುದು ಎರಡು. ಮೊದಲಿನ ಅಳತೆ ಸಾಲದೆ ಹೆಚ್ಚುತ್ತ ಹೋಗುವುದು ಮೂರು. ಕುಡಿಯದಿದ್ದಾಗ ಕೈನಡುಕ, ಬೆವರು, ನಿದ್ರಾಹೀನತೆಗಳು ತೋರುವುದು ನಾಲ್ಕು. ಕಾಯಕ, ಸಂಸಾರ ಮುಂತಾದವುಗಳೆಲ್ಲ ಹಿಂದೆ ಬೀಳುವುದು ಐದು. ಹಾನಿಯನ್ನು ಕಂಡೂ ಬಿಡದಿರುವುದು ಆರು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರಾದರೂ ಕೂಡಿಬಂದರೆ ಅದು ವ್ಯಸನವೆಂದು ತಿಳಿಯಬೇಕು. ಅಫೀಮು, ಗಾಂಜಾ, ನಿದ್ರೆಯ ಗುಳಿಗೆಗಳ ವಿಷಯದಲ್ಲಿಯೂ ಪರೀಕ್ಷೆ ಇದೇ. “ನಾನು ಸ್ವಲ್ಪವೇ ಕುಡಿಯುತ್ತೇನೆ” ಎಂಬ ಸಮಾಧಾನವು ಇಲ್ಲಿ ಸಲ್ಲದು. ಹಿಡಿತವು ಯಾರ ಕೈಯಲ್ಲಿದೆಯೆಂಬುದೇ ಪ್ರಶ್ನೆ.

ಇಳಕಲ್ಲಿನ ಪೂಜ್ಯ ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು, ಧನಧಾನ್ಯಗಳಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಜೋಳಿಗೆಗೆ ಹಾಕಿದ ಚಟವನ್ನು ಮರಳಿ ಪಡೆಯಬಾರದೆಂಬ ಸಂಕಲ್ಪವು ಮಹತ್ತರವಾದುದು.

ಆದರೆ ಗೃಹಸ್ಥರು ಒಂದು ಮಾತನ್ನು ಮರೆಯಬಾರದು. ಬಹುಕಾಲ ಪ್ರತಿನಿತ್ಯ ಅತಿಯಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ, ಕೆಲವೇ ದಿನಗಳೊಳಗೆ ಅಪಸ್ಮಾರದಂತಹ ಸೆಳೆತ, ಚಿತ್ತಭ್ರಮೆಗಳು ಉಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ನಿದ್ರೆಯ ಗುಳಿಗೆಗಳಿಗೂ ಈ ಎಚ್ಚರವು ಅವಶ್ಯ. ನಾಲ್ಕನೆಯ ಕುರುಹು ಇದ್ದವನು ಪ್ರತಿಜ್ಞೆಗೆ ಮೊದಲು ವೈದ್ಯರನ್ನು ಕಾಣಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವುಂಟು. ಸರ್ಕಾರದ 14446 ದೂರವಾಣಿಯಲ್ಲಿಯೂ ಸಲಹೆ ದೊರೆಯುವುದು.

ಮನೆಯವರು ಅಮಲಿನ ವೇಳೆಯಲ್ಲಿ ವಾದಿಸದೆ, ಅವನು ಎಚ್ಚತ್ತಿರುವಾಗ ಕಂಡುದನ್ನು ಕಂಡಂತೆ ಮೃದುವಾಗಿ ಹೇಳಲಿ. ಮನೆತನದ ಮಾನಕ್ಕಂಜಿ ಮುಚ್ಚಿಡುವುದು ರೋಗವನ್ನು ಸಾಕಿದಂತೆ. ಸಂಕಲ್ಪವು ಮನಸ್ಸಿನ ಆಚಾರ, ಚಿಕಿತ್ಸೆಯು ದೇಹದ ಆಚಾರ. ಎರಡೂ ಕೂಡಿದಲ್ಲಿ ಕಾಯವು ಮತ್ತೆ ಕಾಯಕಕ್ಕೆ ಯೋಗ್ಯವಾಗುವುದು.